ಬ್ರೌನಿಯ ಒಣ ಊಟ

೧೨ ಆಗಸ್ಟ್ ೨೦೦೬

‘ಮೂಕ ಜೀವದ ನೋವೂ ಮೂಕ’ ಎಂದೋ, ‘ಮೂಕ ಜೀವಕೆ ನೋವೇ ಮಾತು’ ಎಂದೋ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡದ್ದು. ಯಾರದೋ ನೆನಪಿಲ್ಲ. ಮೊದಲನೆಯದೇ ಸರಿಯಾದ ಪಾಠವಾಗಿದ್ದರೆ, ಅದನ್ನು ಬರೆದವರು ತುರಿಕೆಯ ನಾಯಿಯನ್ನು ಮನೆಯಲ್ಲಿಟ್ಟುಕೊಂಡವರಲ್ಲ. ಈ ನಾಯಿಯ ನೋವಿಗೆ ಬೇಕಾದಷ್ಟು ಸದ್ದಿದೆ. ಕಿವಿ ಕೆರೆದುಕೊಳ್ಳುವಾಗ ಹಿಂಗಾಲು ನೆಲಕ್ಕೆ ಬಡಿದು ದಬದಬ ಎನ್ನುತ್ತದೆ. ಕಾಲ್ಬೆರಳ ಸಂದು ನೆಕ್ಕುವ ಸದ್ದು ಪಕ್ಕದ ಕೋಣೆಯಲ್ಲಿ ಓದುತ್ತ ಕೂತರೂ ಕೇಳುತ್ತದೆ. ಇವತ್ತು ಒಂದು ಪದ್ಯವನ್ನು ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಬಿಟ್ಟೆ.

ನಾಯಿ ನನ್ನದಲ್ಲ. ನನ್ನ ವಿದ್ಯಾರ್ಥಿನಿ ಪೂಜಿತಾಳದು. ಅವಳಿಗೆ ಪೊಲೀಸ್ ಕಾನ್‌ಸ್ಟೇಬಲ್ ಕೆಲಸ ಸಿಕ್ಕಿ ಮೇ ತಿಂಗಳಲ್ಲಿ ಟ್ರೈನಿಂಗಿಗೆ ಹೋದಳು. ಒಂಬತ್ತು ತಿಂಗಳು. ನಾಯಿಯನ್ನು ಇಲ್ಲೇ ಮಾರನಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಸೋದರಮಾವ ಲಕ್ಕಯ್ಯನ ಹತ್ತಿರ ಬಿಟ್ಟಿದ್ದಳು. ಆತ ಪಕ್ಕದ ಲಾರಿ ಹೋಟೆಲಿನ ಮಿಕ್ಕ ಪರೋಟ, ಕುರ್ಮ ಹಾಕುತ್ತಿದ್ದ. ಮೈಯೆಲ್ಲ ಕೆಂಪಾಗಿ ಕೂದಲು ಉದುರಲು ಶುರುವಾದಾಗ, “ಮೇಡಂ, ಇದರ ವಾಸ್ನೆ ತಡಿಯಕ್ಕಾಗಕಿಲ್ಲ. ಯಾವ್ದಾರ ಲಾರಿ ಹತ್ತುಸ್ಬುಡ್ತೀನಿ, ಘಾಟಿ ಇಳ್ಕಂಡು ಎಲ್ಲಾರ ಬದುಕ್ಕಳ್ಲಿ” ಅಂದ. ಪೂಜಿತಾ ಫೋನಿನಲ್ಲಿ ಅತ್ತಳು. ನಾನು, ಟ್ರೈನಿಂಗ್ ಮುಗಿಯುವವರೆಗೆ ಮಾತ್ರ, ಎಂದು ಹೇಳಿ ತಂದುಕೊಂಡೆ.

ಫೆಬ್ರವರಿವರೆಗೆ. ಇನ್ನು ಆರು ತಿಂಗಳು ತಳ್ಳಬೇಕು.

೧೪ ಆಗಸ್ಟ್

ಕಾಲೇಜಿನಿಂದ ಬಂದವಳೇ ಜೀಪು ಹೇಳಿ ನಾಯಿಯನ್ನು ಸಕಲೇಶಪುರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಅರುಣ್ ಚಿಕ್ಕ ವಯಸ್ಸಿನವರು. ದಿನವೆಲ್ಲ ಹಸುಗಳ ಹಿಂದೆ ಓಡುವವರು. ಹೊಟ್ಟೆಯ ಚರ್ಮ ನೋಡಿದರು, ಕಿವಿ ಮಗುಚಿ ಮೂಸಿದರು, ಬಾಲದ ಬುಡದಲ್ಲಿ ಅಂಗೈಯಗಲ ಬೋಳಾದ ಜಾಗವನ್ನು ಬೆರಳಿನಲ್ಲಿ ಒತ್ತಿದರು.

“ಮೂರು ಸಲ ಇಂಜೆಕ್ಷನ್ ಕೊಟ್ಟಾಗಿದೆ ಮೇಡಂ. ಹದಿನೈದು ದಿನ ಚೆನ್ನಾಗಿರುತ್ತೆ, ಮತ್ತೆ ಶುರು. ಇನ್ನೂ ಕೊಡ್ತಾ ಹೋದ್ರೆ ಲಿವರ್ ಹೋಗುತ್ತೆ. ಇದು ತಿನ್ನೋದ್ರಿಂದ ಬಂದಿರೋದು. ಯಾವುದೋ ಒಂದು ಇದರ ಮೈಗೆ ಆಗ್ತಿಲ್ಲ. ಅದನ್ನ ಕಂಡುಹಿಡೀಬೇಕು.”

“ಕಂಡುಹಿಡಿಯದಿದ್ದರೆ?”

“ಹಿಂಗೇ ಕೆರ್ಕೊಂಡು ಕೆರ್ಕೊಂಡು ಗಾಯ ಆಗಿ, ಕೀವಾಗಿ…” ಎಂದು ನಿಲ್ಲಿಸಿ ಕಿಟಕಿಯಾಚೆ ಕಟ್ಟಿದ್ದ ಎಮ್ಮೆಯನ್ನು ನೋಡಿದರು.

ಈಗ ಕೊಡುತ್ತಿರುವ ಒಣ ಆಹಾರ ಕೋಳಿಯದು. ಅದನ್ನು ಬಿಡಬೇಕು. ಇದುವರೆಗೆ ತಿನ್ನದ ಒಂದೇ ಮಾಂಸದ, ಒಳ್ಳೆಯ ಕಂಪನಿಯ, ಸೂಕ್ಷ್ಮ ಹೊಟ್ಟೆಯ ನಾಯಿಗಳಿಗೆಂದೇ ಮಾಡಿದ ಒಣ ಆಹಾರ ತರಿಸಬೇಕು. ಎಂಟು ವಾರ ಅದೊಂದೇ. “ಬೇರೆ ಏನೂ ಬಾಯಿಗೆ ಹೋಗಬಾರದು ಮೇಡಂ. ಒಂದು ಬಿಸ್ಕತ್ ಚೂರು ಹೋದ್ರೂ ಮೊದಲಿಂದ ಎಣಿಸ್ಬೇಕು.”

೨೦ ಆಗಸ್ಟ್

ಮಂಗಳೂರಿನ ನಾಯಿ ಆಹಾರದ ಅಂಗಡಿಯವನು ಮೂರು ಕಂಪನಿಗಳ ಚೀಲದ ಹಿಂದುಮುಂದನ್ನು ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳಿಸಿದ್ದಾನೆ. ಭಾನುವಾರವಿಡೀ ಅದನ್ನೇ ಓದಿದೆ. ಯಾವುದು ಹೆಚ್ಚು ಇದೆಯೋ ಅದನ್ನು ಮೊದಲು ಬರೆಯುತ್ತಾರಂತೆ. ಒಂದರಲ್ಲಿ ಮೊದಲ ಪದವೇ ಮುಸುಕಿನ ಜೋಳ. ಮುಂದೆ ಚೀಲದ ಮೇಲೆ ನಗುವ ನಾಯಿ, ಹಿಂದೆ ಜೋಳ. ಇನ್ನೊಂದರಲ್ಲಿ ‘ಮಾಂಸದ ಉಪೋತ್ಪನ್ನ’ ಎಂದಿದೆ. ಯಾವ ಪ್ರಾಣಿಯದು, ಯಾವ ಭಾಗದ್ದು, ಹೇಳಿಲ್ಲ. ಬಣ್ಣ ಬೇರೆ ಸೇರಿಸಿದ್ದಾರೆ, ನಾಯಿ ಬಣ್ಣ ನೋಡಿ ತಿನ್ನುತ್ತದೆಯೇ? ಮೂರನೆಯದು ನೇರವಾಗಿದೆ: ಕುರಿಮಾಂಸ, ಅಕ್ಕಿ, ಅಗಸೆ ಎಣ್ಣೆ. ಆಮೇಲೆ ಜೀವಸತ್ವಗಳ ಹೆಸರು. ಬಣ್ಣವಿಲ್ಲ, ಜೋಳವಿಲ್ಲ, ಗೋಧಿಯಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಅಮ್ಮ ಇದ್ದಿದ್ದರೆ ನಾನು ಕುರಿಯೋ ಕೋಳಿಯೋ ಎಂದು ಕನ್ನಡಕ ಹಾಕಿಕೊಂಡು ತೂಗಿ ನೋಡುವುದನ್ನು ಕಂಡು ಏನನ್ನುತ್ತಿದ್ದಳೋ.

ಕುರಿಯದಕ್ಕೇ ಹೇಳಿದೆ.

೨೬ ಆಗಸ್ಟ್

ಚೀಲ ಬಂತು. ಮಂಗಳೂರಿನಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಹಾಕಿದ್ದರು. ಕಂಡಕ್ಟರ್ ಗುರು ಮಾರನಹಳ್ಳಿ ಸ್ಟಾಪಿನಲ್ಲಿ ತಾನೇ ಹೆಗಲ ಮೇಲೆ ಹೊತ್ತು ಇಳಿಸಿದ.

“ಏನ್ ಮೇಡಂ ಇದು, ಘಾಟಿ ಉದ್ದಕ್ಕೂ ಬಸ್ಸೆಲ್ಲ ಘಮ ಘಮ? ಹಿಂದಿನ ಸೀಟ್ನೋರು ಬಿರಿಯಾನಿ ಅಂದ್ಕೊಂಡು ಚೀಲ ತಡವ್ತಾವ್ರೆ.”

“ನಾಯಿ ಊಟ ಗುರು.”

“ನಾಯಿಗಾ! ಮುಂದಿನ ಜನ್ಮಕ್ಕೆ ನಿಮ್ಮನೇಗೇ ಬತ್ತೀನಿ ಬುಡಿ” ಎಂದು ಸೀಟಿ ಊದಿದ. ಬಸ್ಸಿನವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ಚೀಲ ಭಾರವಿತ್ತು.

೨೭ ಆಗಸ್ಟ್

ಬೆಳಿಗ್ಗೆ ಒಂದು ಅಳತೆ ನಾನು ಹಾಕುತ್ತೇನೆ. ಮಧ್ಯಾಹ್ನದ ಅಳತೆಯನ್ನು ಪಕ್ಕದ ಮನೆಯ ಭದ್ರಮ್ಮ ಹಾಕುತ್ತಾರೆ. ನಾನು ಕಾಲೇಜಿನಲ್ಲಿರುವಾಗ ಹಿತ್ತಿಲ ಬಾಗಿಲ ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ಎಪ್ಪತ್ತರ ಹತ್ತಿರದ ಹೆಂಗಸು, ಎರಡು ಹಸು, ಒಂದು ಎಕರೆ ಕಾಫಿ, ಬೆಳಗಾದರೆ ನನಗೆ ಅರ್ಧ ಲೀಟರ್ ಹಾಲು. ಇವತ್ತು ಚೀಲ ತೋರಿಸಿದೆ.

“ಏನೈತೆ ಇದರೊಳಗೆ?”

“ಕುರಿ.”

ಒಂದು ಗುಳಿಗೆ ತೆಗೆದು ಬೆಳಕಿಗೆ ಹಿಡಿದರು. “ಕುರಿ ಎಲ್ಲೈತೆ ಮೇಡಮ್ಮ ಇದರಲ್ಲಿ? ಹಿಕ್ಕೆ ಇದ್ದಂಗೈತೆ.”

ಡಾಕ್ಟರು ಹೇಳಿದ್ದನ್ನು ಪೂರ್ತಿ ವಿವರಿಸಿದೆ. ಇದು ಬಿಟ್ಟು ಬೇರೆ ಏನೂ ತಿನ್ನಿಸಬಾರದು. ರೊಟ್ಟಿ ಇಲ್ಲ, ಮುದ್ದೆ ಇಲ್ಲ, ಬಿಸ್ಕತ್ ಇಲ್ಲ.

“ಇಲ್ಲ ಕಣವ್ವ, ನಾನ್ಯಾಕೆ ತಿನ್ನುಸ್ಲಿ? ಆ ನಾಯಿ ಮೈ ನಾನು ನೋಡಿಲ್ವ?”

ಒಳ್ಳೆಯ ಹೆಂಗಸು. ಸ್ವಲ್ಪ ಮಾತು ಜಾಸ್ತಿ.

೨೧ ಸೆಪ್ಟೆಂಬರ್

ಏನೂ ಬದಲಾವಣೆ ಇಲ್ಲ. ಹೊಟ್ಟೆ ಕೂಡ ಸರಿಯಿಲ್ಲ, ನೀರು ನೀರು.

೫ ಅಕ್ಟೋಬರ್

ಆರು ವಾರವಾಗುತ್ತ ಬಂತು. ಬಾಲದ ಹತ್ತಿರದ ಬೋಳು ದೊಡ್ಡದಾಗಿದೆ. ಇವತ್ತು ಭದ್ರಮ್ಮನನ್ನು ಮತ್ತೆ ಕೇಳಿದೆ, ಬೇರೆ ಏನಾದರೂ ಕೊಟ್ಟಿದ್ದೀರಾ ಎಂದು. ದೇವರಾಣೆ ಇಲ್ಲ ಅಂದರು. ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಸುಳ್ಳು ಹೇಳುವವರಲ್ಲ.

ಡಾಕ್ಟರ್ ಅರುಣ್ ಅವರಿಗೆ ಫೋನ್ ಮಾಡಿದೆ. ಕುರಿಯೂ ಆಗುತ್ತಿಲ್ಲವೆಂದರೆ ಮೀನು, ಆಲೂಗಡ್ಡೆಯದೊಂದು ಬರುತ್ತದಂತೆ, ಹೊರದೇಶದ್ದು. ಅದು ಕೊನೆಯದು. ಅದರಲ್ಲೂ ಆಗದಿದ್ದರೆ? ಮಂಗಳೂರಿಗೆ ಫೋನ್ ಮಾಡಿ ಮೀನಿನದಕ್ಕೆ ಹೇಳಿದೆ.

ಬ್ರೌನಿ ನಾನು ಮಾತಾಡುವಷ್ಟು ಹೊತ್ತೂ ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿತ್ತು. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲಿಲ್ಲ.

೧೭ ಅಕ್ಟೋಬರ್

ಘಾಟಿಯಲ್ಲಿ ಟ್ಯಾಂಕರ್ ಅಡ್ಡ ಬಿದ್ದು ಬಸ್ಸುಗಳೆಲ್ಲ ಕೆಳಗೆ ನಿಂತಿವೆ. ಮೀನಿನ ಚೀಲ ಯಾವ ಬಸ್ಸಿನಲ್ಲಿದೆಯೋ. ಸ್ಟಾಪಿನಲ್ಲಿ ಎರಡು ಗಂಟೆ ಕಾದೆ. ಲಕ್ಕಯ್ಯ ಅಂಗಡಿಯಿಂದ ಕೂಗಿದ: “ಮೇಡಂ, ಸಾಕು ಬುಡಿ ಇನ್ನ! ನಾಯಿ ಹೆಸರಲ್ಲಿ ನೀವು ಸೊರಗೋದ್ರಿ. ಲಾರಿ ಬೇಕಾರೆ ಈಗ್ಲೂ ಐತೆ!”

ತಮಾಷೆಗೆ ಹೇಳಿದ್ದು. ಆದರೂ ನಾನು ಅವನಿಗೆ ಮುಖ ಕೊಡದೆ ಬಂದೆ.

೨ ನವೆಂಬರ್

ಮೀನಿನದು ಶುರುಮಾಡಿ ಎರಡು ವಾರ. ಕಿವಿಯಿಂದ ರಕ್ತ.

ಯಾವ ಪುಸ್ತಕವೂ ಬೇಡ.

೧೦ ನವೆಂಬರ್

ಇವತ್ತು ಆದದ್ದನ್ನು ಬರೆಯಲೇಬೇಕು.

ನಿವೃತ್ತ ಪ್ರಾಂಶುಪಾಲರೊಬ್ಬರು ತೀರಿಕೊಂಡರೆಂದು ಕಾಲೇಜಿಗೆ ಮಧ್ಯಾಹ್ನದ ಮೇಲೆ ರಜೆ ಕೊಟ್ಟರು. ಒಂದೂವರೆಗೆಲ್ಲ ಮನೆಗೆ ಬಂದೆ. ಹಿತ್ತಿಲ ಕಡೆ ಮಾತು ಕೇಳಿಸಿತು. ಭದ್ರಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ತಟ್ಟೆ ಮಂಡಿಯ ಮೇಲಿದೆ. ಪಕ್ಕದಲ್ಲಿ ಹಾಲಿನ ತಂಬಿಗೆ. ನನ್ನ ಅಳತೆಯ ಲೋಟದಲ್ಲಿ ಅಳೆದ ಗುಳಿಗೆಗಳ ಮೇಲೆ ನೊರೆಹಾಲು ಸುರಿದು, ಐದೂ ಬೆರಳಿನಲ್ಲಿ ಹಿಚುಕಿ, ಹಲ್ಲಿಲ್ಲದ ಮಗುವಿಗೆ ಕಲಸುವ ಹಾಗೆ ಕಲಸುತ್ತಿದ್ದಾರೆ. “ತಡಿಯವ್ವ, ಇನ್ನೊಂದೀಟು ನೆನೀಲಿ, ಗಂಟ್ಲಿಗೆ ಸಿಕ್ಕಂಡಾತು” ಎಂದು ಬ್ರೌನಿಗೆ ಹೇಳುತ್ತಿದ್ದಾರೆ. ಬ್ರೌನಿ ಬಾಲದಿಂದ ನೆಲ ಗುಡಿಸುತ್ತಿದೆ.

“ಏನ್ ಮಾಡ್ತಿದ್ದೀರಿ ಭದ್ರಮ್ಮ?” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಊಟ ಹಾಕ್ತಾ ಇವ್ನಿ.”

“ದಿನಾ ಹಾಲು ಹಾಕ್ತಿದ್ದೀರಾ?”

“ಮತ್ತೆ? ಒಣದು ಎಂಗೆ ಹಾಕ್ಲಿ ಮೇಡಮ್ಮ?” ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ನಮ್ಮನೇಲಿ ಕೂಲಿಯೋರಿಗೂ ನಾನು ಒಣ ಮುದ್ದೆ ಇಕ್ಕಿಲ್ಲ. ಸಾರಿಲ್ದಿದ್ರೆ ಮಜ್ಜಿಗೆನಾರ ಬುಟ್ಟಿವ್ನಿ. ಮನೆ ಜೀವದ ಮುಂದೆ ಒಣದು ಇಡಕ್ಕೆ ಕೈ ಬರಕಿಲ್ಲ.”

“ಬೇರೆ ಏನೂ ಕೊಡಬೇಡಿ ಅಂದಿದ್ದೆನಲ್ಲ!”

“ಬ್ಯಾರೆ ಏನು ಕೊಟ್ಟಿವ್ನಿ? ತಿನ್ನಾಕೆ ಇದೇಯ. ಹಾಲು ಮ್ಯಾಲೆ ಬುಡೋದು.”

ಎರಡೂವರೆ ತಿಂಗಳು. ಕುರಿ, ಮೀನು, ಜೆರಾಕ್ಸ್, ಬಸ್ಸು, ಡಾಕ್ಟರು. ಬೆಳಿಗ್ಗೆ ನಾನು ತೂಗಿ ಹಾಕಿದ್ದನ್ನೆಲ್ಲ ಮಧ್ಯಾಹ್ನ ಹಾಲು ತೊಳೆದುಹಾಕಿದೆ. ನನಗೆ ಸಿಟ್ಟು ತಡೆಯಲಾಗಲಿಲ್ಲ. “ನೀವು ಹಾಕಿದ್ದು ಹಾಲಲ್ಲ, ವಿಷ. ನೀವೇ ಈ ನಾಯಿಯನ್ನು ಕೊಲ್ತಿದ್ದೀರಿ” ಎಂದುಬಿಟ್ಟೆ.

ಭದ್ರಮ್ಮ ಎದ್ದರು. ತಟ್ಟೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ಹೋದರು. ತಂಬಿಗೆ ಇಲ್ಲೇ ಉಳಿಯಿತು.

೧೧ ನವೆಂಬರ್

ಡಾಕ್ಟರಿಗೆ ಹೇಳಿದೆ. “ಹಾಲೇ ಇರಬಹುದು ಮೇಡಂ! ಪರೋಟಾಕ್ಕೂ ಹಾಲು ಹಾಕೇ ಕಲಸ್ತಾರೆ. ಬರೀ ಮೀನಿನದು ಕೊಡಿ, ಇವತ್ತಿಂದ ಎಂಟು ವಾರ” ಎಂದು ಉತ್ಸಾಹದಿಂದ ಹೇಳಿದರು. ಕುರಿಯದು ಪಾಪ ತಪ್ಪೇನೂ ಮಾಡಿರಲಿಕ್ಕಿಲ್ಲ.

ಬೆಳಿಗ್ಗೆ ಹಾಲು ಬರಲಿಲ್ಲ. ಬ್ಲಾಕ್ ಕಾಫಿ ಕುಡಿದೆ.

ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಏನೂ ಇಲ್ಲ. ಆದರೆ ಬೇರೆ ರೀತಿ ಹೇಳಬಹುದಿತ್ತು.

೧೨ ನವೆಂಬರ್

ಬ್ರೌನಿ ತಿನ್ನುತ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ. ಮೊದಲೆಲ್ಲ ಬೆಳಗಿನದನ್ನು ಒಣದಾಗಿಯೇ ತಿನ್ನುತ್ತಿದ್ದಳು, ಈಗ ಅದನ್ನೂ ಮೂಸಿ ಬಿಡುತ್ತಾಳೆ. ಹಿತ್ತಿಲ ಬೇಲಿಯ ಹತ್ತಿರ ಹೋಗಿ ಭದ್ರಮ್ಮನ ಕೊಟ್ಟಿಗೆ ಕಡೆ ಮುಖ ಮಾಡಿ ಕೂರುತ್ತಾಳೆ.

೧೩ ನವೆಂಬರ್

ರಜೆ ಹಾಕಿದೆ. ಚಮಚದಲ್ಲಿ ಕೊಟ್ಟೆ, ಕೈಯಲ್ಲಿ ಕೊಟ್ಟೆ. ಬೇಡ. ನೀರು ಮಾತ್ರ ಕುಡಿಯುತ್ತಾಳೆ. ನಾಳೆಯೂ ತಿನ್ನದಿದ್ದರೆ ಡ್ರಿಪ್ ಹಾಕಬೇಕು, ಈಗಲೇ ಸೊರಗಿದ್ದಾಳೆ, ಎಂದರು ಡಾಕ್ಟರು. ಹಾಲು ಕೊಟ್ಟರೆ ತಿನ್ನುತ್ತಾಳೆ. ಹಾಲು ಕೊಟ್ಟರೆ ಗಾಯ.

ಸಂಜೆ ಐದಕ್ಕೆ ತಂಬಿಗೆ ಬೆಳಗಿ ತೆಗೆದುಕೊಂಡು ಭದ್ರಮ್ಮನ ಮನೆಗೆ ಹೋದೆ. ಹುಲ್ಲು ಹಾಕುತ್ತಿದ್ದರು. ತಿರುಗಿಯೂ ನೋಡದೆ, “ಏನ್ ಮೇಡಮ್ಮ, ವಿಷ ಹಾಕೋರ ಮನೆ ಬಾಗ್ಲಿಗೆ ಬಂದ್ರಿ?” ಅಂದರು.

“ತಪ್ಪಾಯ್ತು ಭದ್ರಮ್ಮ.”

“ನಿಮ್ದೇನ್ ತಪ್ಪು. ಓದ್ದೋರು. ಚೀಲದ ಮೇಲೆ ಬರೆದಿರಾದು ನಿಮಗೆ ಕಾಣ್ತೈತೆ. ನನಗೆ ನಾಯಿ ಮೂತಿ ಒಂದೇ ಕಾಣದು.”

ನಾನು ನಿಂತೇ ಇದ್ದೆ. ಹಸು ನನ್ನ ಸೆರಗು ಮೆಲ್ಲಲು ನೋಡಿತು.

“ತಿಂತಿಲ್ಲ ಭದ್ರಮ್ಮ. ಮೂರು ದಿನ ಆಗ್ತಾ ಬಂತು.”

ಹುಲ್ಲಿನ ಕಟ್ಟು ಕೈಯಿಂದ ಜಾರಿತು. “ಮೂರ್ ದಿನ! ಮೂರ್ ದಿನ ಉಪಾಸ ಕೆಡವ್ಕಂಡು ಈಗ ಬಂದು ಹೇಳ್ತೀರಲ್ಲ, ನಿಮಗೇನ್ ಹೇಳ್ಲಿ ನಾನು! ಪಕ್ದಾಗೇ ಇವ್ನಲ್ಲ, ಸತ್ತೋಗಿದ್ನಾ?” ನನ್ನನ್ನು ಹಿಂದೆ ಬಿಟ್ಟು ಬೇಲಿ ದಾಟಿಯೇ ಹೋಗಿಬಿಟ್ಟರು.

ಬ್ರೌನಿ ಎದ್ದು ಅವರ ಸೀರೆಯೊಳಗೆ ಮುಖ ತೂರಿಸಿದಳು. ಭದ್ರಮ್ಮ ತಟ್ಟೆ ಮಂಡಿಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಗುಳಿಗೆಗಳನ್ನು ನೋಡಿದರು. ಆಮೇಲೆ, “ನೀರು ಬುಡಬೌದಾ? ಬಿಸ್ನೀರು? ಕೇಳಿ ನಿಮ್ ಡಾಕ್ಟ್ರನ್ನ” ಅಂದರು.

ಫೋನ್ ಮಾಡಿದೆ. “ನೀರಿಗೆ ಏನಾಗ್ಬೇಕು ಮೇಡಂ? ಧಾರಾಳವಾಗಿ ಹಾಕಿ” ಎಂದರು ಡಾಕ್ಟರು.

ಇಷ್ಟು ಸಣ್ಣ ವಿಷಯ. ನಾನು ಮೂರು ಕಂಪನಿಯ ಚೀಲ ಓದಿದವಳು, ನನಗೇಕೆ ಹೊಳೆಯಲಿಲ್ಲ?

ಭದ್ರಮ್ಮ ಬಿಸಿನೀರು ಹಾಕಿ ನೆನೆಸಿ ಹಿಚುಕಿದರು. ಕೈ ಮೂಸಿ, “ಥೂ, ಮೀನ್ ಲಾರಿ ಮನೆ ಹೊಕ್ಕಂಗಾತು” ಎಂದರು. ಮೊದಲ ತುತ್ತನ್ನು ಬ್ರೌನಿ ಅವರ ಬೆರಳಿನಿಂದಲೇ ನೆಕ್ಕಿದಳು. ಎರಡನೆಯದನ್ನೂ. ಮೂರನೆಯದಕ್ಕೆ ಮೂತಿಯನ್ನೇ ತಟ್ಟೆಗೆ ಇಟ್ಟಳು.

ಭದ್ರಮ್ಮ ಅಳುತ್ತಿದ್ದರು. ಹೊಗೆ ಅಂದರು. ಒಲೆಯೇನೂ ಉರಿಯುತ್ತಿರಲಿಲ್ಲ.

೧೪ ನವೆಂಬರ್

ಹಾಲು ಬಂತು. ನನ್ನ ಕಾಫಿಗೆ ಮಾತ್ರ.

೩ ಡಿಸೆಂಬರ್

ಕಿವಿ ಒಣಗಿದೆ. ಹೊಟ್ಟೆ ಗಟ್ಟಿಯಾಗಿದೆ (ಇದನ್ನು ದಿನಚರಿಯಲ್ಲಿ ಸಂತೋಷದಿಂದ ಬರೆಯುವ ಕಾಲ ಬರುತ್ತದೆಂದು ಯಾರು ಎಣಿಸಿದ್ದರು).

ಇವತ್ತು ಭದ್ರಮ್ಮ ಮಗ್ಗೆ ಊರಿನ ತಂಗಿ ಮನೆಗೆ ಹೋಗಿದ್ದರಿಂದ ನಾನೇ ಕಲಸಿದೆ. ನೀರು ಜಾಸ್ತಿಯಾಗಿ ಮೊದಲನೆಯದು ಗಂಜಿಯಾಯಿತು, ಇವಳು ನನ್ನ ಮುಖ ನೋಡಿದಳು, ಇನ್ನೊಂದು ಹಿಡಿ ಸೇರಿಸಿ ಸರಿಮಾಡಿದೆ. ಕೈ ತೊಳೆದು ಪದ್ಯದ ಪುಸ್ತಕ ತೆಗೆದರೆ ಪುಟಕ್ಕೆಲ್ಲ ಮೀನಿನ ವಾಸನೆ. ಹಾಗೇ ಓದಿದೆ. ಜೋರಾಗಿ ಓದಿದರೆ ಇವಳಿಗೆ ನಿದ್ದೆ ಬರುತ್ತದೆ.

೨೪ ಡಿಸೆಂಬರ್

ಬಾಲದ ಬುಡದಲ್ಲಿ ಕೂದಲು! ಕಾಫಿ ಪುಡಿ ಉದುರಿಸಿದ ಹಾಗೆ. ಭದ್ರಮ್ಮನನ್ನು ಕೂಗಿ ತೋರಿಸಿದೆ. ಅವರಿಗೆ ಕಣ್ಣು ಸರಿಯಾಗಿ ಕಾಣದು, ಬೆರಳಿನಲ್ಲಿ ಸವರಿ ನೋಡಿ, “ಹೂಂ, ಚುಚ್ತೈತೆ ಚುಚ್ತೈತೆ” ಎಂದು ಚಪ್ಪಾಳೆ ತಟ್ಟಿದರು.

೧೫ ಜನವರಿ ೨೦೦೭

ಸಂಕ್ರಾಂತಿ. ಎಳ್ಳು ಬೀರಲು ಬಂದವರಿಗೆಲ್ಲ ಭದ್ರಮ್ಮ ನಮ್ಮ ಬಾಗಿಲಲ್ಲೇ ನಿಂತು ತಾಕೀತು: “ನಾಯಿಗೆ ಒಂದ್ ಕಾಳು ಬಿದ್ರೆ ನೋಡಿ ಮತ್ತೆ. ಎಂಟ್ ವಾರದ್ದು ಲೆಕ್ಕ ತಪ್ತದೆ.” ಎಂಟು ವಾರ ಮುಗಿದು ಹತ್ತು ದಿನವಾಯಿತೆಂದರೂ ಕೇಳುವುದಿಲ್ಲ. ಲಕ್ಕಯ್ಯ ಬಂದಿದ್ದ. ಬ್ರೌನಿಯನ್ನು ನೋಡಿ, “ಇದು ಅದೇ ನಾಯಾ ಮೇಡಂ, ಬದಲಾಯ್ಸುದ್ರಾ?” ಎಂದ. ಎರಡು ಸಲ ಎಳ್ಳು ಕೊಟ್ಟೆ.

೭ ಫೆಬ್ರವರಿ

ಪೂಜಿತಾ ಫೋನ್ ಮಾಡಿದ್ದಳು. ಟ್ರೈನಿಂಗಿನ ಕೊನೆಯ ಪರೇಡ್ ಮುಗಿಯಿತಂತೆ, ಅರಸೀಕೆರೆಗೆ ಹಾಕಿದ್ದಾರಂತೆ. ದನಿ ಗಟ್ಟಿಯಾಗಿದೆ, ಒಳ್ಳೆಯ ಪೊಲೀಸ್ ಆಗುತ್ತಾಳೆ. ಒಂದು ರೂಮು ನೋಡಿದ್ದಾಳೆ. “ಭಾನುವಾರ ಬ್ರೌನಿನ ಕರ್ಕೊಂಡು ಹೋಗಕ್ಕೆ ಬರ್ತೀನಿ ಮೇಡಂ. ಪೂರ್ತಿ ವಾಸಿ ಆಗಿದ್ದರೆ. ಇಲ್ಲಾಂದ್ರೆ ಇನ್ನೊಂದಷ್ಟು ದಿನ ನಿಮ್ಮ ಹತ್ರಾನೇ ಇರ್ಲಾ? ಅಲ್ಲಿ ನನಗೆ ಯಾವ ಡಾಕ್ಟರೂ ಗೊತ್ತಿಲ್ಲ.”

ಡಾಕ್ಟರ್ ಅರುಣ್ ನೋಡಲಿ, ಆಮೇಲೆ ಹೇಳುತ್ತೇನೆ ಎಂದೆ. ಅವರು ಹೋದ ವಾರವೇ ನೋಡಿ ಆಗಿತ್ತು. ಇನ್ನೊಂದು ಸಲ ನೋಡುವುದರಲ್ಲಿ ತಪ್ಪಿಲ್ಲ.

೯ ಫೆಬ್ರವರಿ

ಡಾಕ್ಟರು ಮತ್ತೆ ನೋಡಿದರು. “ಮೇಡಂ, ಇದನ್ನು ಯಾಕೆ ಕರ್ಕೊಂಡು ಬಂದ್ರಿ? ನನಗಿಂತ ಚೆನ್ನಾಗಿದೆ” ಎಂದು ನಕ್ಕರು.

ಒಳ್ಳೆಯದು. ಇಷ್ಟು ದಿನ ಪಟ್ಟ ಪಾಡು ಇದಕ್ಕೇ ತಾನೆ. ಮಾತು ಕೊಟ್ಟದ್ದು ಫೆಬ್ರವರಿವರೆಗೆ, ಫೆಬ್ರವರಿ ಬಂತು. ಮನೆ ಮೊದಲಿನಂತಾಗುತ್ತದೆ, ನಿಶ್ಚಿಂತೆಯಾಗಿ ಓದಬಹುದು.

ಪೂಜಿತಾಳಿಗೆ ಕೊಡಲು ಒಂದು ಹಾಳೆಯಲ್ಲಿ ಬರೆಯಲು ಕೂತೆ. ಮೀನಿನ ಚೀಲ ಮಂಗಳೂರಿನಿಂದ, ಅಂಗಡಿಯ ನಂಬರ್. ಎರಡು ಅಳತೆ. ಬಿಸಿನೀರು ಕೈಗೆ ಹಿತವಾಗುವಷ್ಟು. ಹತ್ತು ನಿಮಿಷ ನೆನೆಯಬೇಕು. ಹಾಲು, ಮೊಸರು, ಬೆಣ್ಣೆ ಮುಟ್ಟಿಸಬಾರದು. ಬೆರಳಿನಲ್ಲೇ ಕಲಸಬೇಕು, ಚಮಚದಲ್ಲಿ ಕಲಸಿದರೆ ತಿನ್ನುವುದಿಲ್ಲ. ಮೊದಲ ತುತ್ತು ಕೈಯಿಂದ. ಓದಿ ನೋಡಿದರೆ ಏನೋ ಬಿಟ್ಟುಹೋಗಿದೆ ಅನ್ನಿಸಿತು. ಬಲಗಿವಿಯ ಹಿಂದೆ ಕೆರೆದರೆ ಕಣ್ಣು ಮುಚ್ಚುತ್ತಾಳೆ ಎಂದು ಸೇರಿಸಿದೆ. ಇದು ಪೂಜಿತಾಳಿಗೆ ಗೊತ್ತಿರುವುದೇ ಅಲ್ಲವೇ, ನಾಯಿ ಅವಳದು. ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ನಾಲ್ಕು ಹಾಳೆ ಹಾಳಾಯಿತು.

೧೦ ಫೆಬ್ರವರಿ

ಭದ್ರಮ್ಮ ಬೆಳಿಗ್ಗೆ ಹಾಲು ಕೊಟ್ಟು ತಂಬಿಗೆ ವಾಪಸ್ಸಿಗೂ ಕಾಯದೆ ಹೋದರು. ಮಧ್ಯಾಹ್ನ ಶನಿವಾರವಾದ್ದರಿಂದ ನಾನೇ ಮನೆಯಲ್ಲಿದ್ದೆ, ಆದರೂ ಬಂದು ಕಲಸಿ ಹಾಕಿದರು. ನಾನು ತಡೆಯಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಬ್ರೌನಿ ತಟ್ಟೆ ನೆಕ್ಕುವುದನ್ನು ನೋಡಿದೆವು. ನೆಕ್ಕಿ ಮುಗಿದ ಮೇಲೂ ಕೂತಿದ್ದೆವು.

ನಾಳೆ ಹತ್ತು ಗಂಟೆಯ ಬಸ್ಸಿಗೆ ಪೂಜಿತಾ ಬರುತ್ತಾಳೆ. ಡಾಕ್ಟರು ಏನೆಂದರು, ಸಂಜೆ ಆರಕ್ಕೆ ಫೋನ್ ಮಾಡಿ ಕೇಳುತ್ತೇನೆ ಎಂದಿದ್ದಳು. ಭದ್ರಮ್ಮನಿಗೂ ಇದು ಗೊತ್ತು. ಐದೂಮುಕ್ಕಾಲಿಗೆ ನಾನು ಫೋನಿನ ಹತ್ತಿರ ಕುರ್ಚಿ ಎಳೆದು ಕೂತೆ. ಹೇಳಬೇಕಾದ್ದು ಒಂದೇ ವಾಕ್ಯ. ಅಷ್ಟರಲ್ಲಿ ಭದ್ರಮ್ಮ ಮುಂಬಾಗಿಲಿಗೆ ಬಂದರು. ಅವರು ಯಾವತ್ತೂ ಹಿತ್ತಿಲಿನಿಂದಲೇ ಬರುವವರು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

“ಬಾಲದ ತುದೀಲಿ ಇನ್ನೊಂದೀಟು ಕೂದ್ಲು ಬರಬೇಕು ಅನ್ನಿ ಮೇಡಮ್ಮ. ಸುಳ್ಳಲ್ಲ ಕಣವ್ವ. ನಾನೇ ಸವರಿ ನೋಡಿವ್ನಿ.”